ಮಿನೆಸೋಟಾದ ಈಲಿಗೆ ಮೊದಲ ಸಲ: ಹನ್ನೊಂದು ಜನ, ಮೂರು ಮಕ್ಕಳು, ದೋಣಿ, ಟೆಂಟು. ಹೇಗೆ ಹೊಂದಿಸೋದು?

ಮಳೆಬಿಲ್ಲು

ಎಲ್ಲರಿಗೂ ನಮಸ್ಕಾರ. ನಾವು ಮಿನಿಯಾಪೊಲಿಸ್ ಹತ್ತಿರ ಇದ್ದೇವೆ. ಈ ಬೇಸಿಗೆಗೆ ಮೂರು ಮನೆಯವರು ಸೇರಿ ಈಲಿಗೆ ಹೋಗೋಣ ಅಂತ ಮಾತಾಗಿದೆ. ಮೂರು ಜೋಡಿ, ಮೂರು ಮಕ್ಕಳು (ಏಳು, ಒಂಬತ್ತು, ಹನ್ನೆರಡು ವರ್ಷ), ಜೊತೆಗೆ ಆಗ ಊರಿಂದ ಬಂದಿರುವ ನಮ್ಮ ಅತ್ತೆ ಮಾವ. ಒಟ್ಟು ಹನ್ನೊಂದು ಜನ. ಜುಲೈ ನಾಲ್ಕರ ವಾರ ಎಲ್ಲರಿಗೂ ರಜೆ ಸಿಗುತ್ತದೆ.

ಈಲಿ ಪಕ್ಕದ ಬೌಂಡರಿ ವಾಟರ್ಸ್ ಅನ್ನುವ ಕೆರೆಗಳ ಕಾಡಿಗೆ ದೋಣಿಯಲ್ಲಿ ಒಳಗೆ ಹೋಗಿ ಎರಡು ರಾತ್ರಿ ಟೆಂಟ್‌ನಲ್ಲಿ ಇರಬೇಕು ಅನ್ನೋದು ಆಸೆ. ಟೆಂಟ್ ಹಾಕಿ ಅಭ್ಯಾಸ ಇದೆ, ಆದರೆ ಕಾರಿನ ಪಕ್ಕದಲ್ಲೇ ಹಾಕುವ ಟೆಂಟು. ದೋಣಿ ಅಂದರೆ ಪಾರ್ಕಿನ ಕೆರೆಯಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತೆಗೆದುಕೊಂಡಿದ್ದು ಅಷ್ಟೇ. ಎಲ್ಲಿ ಓದಿದರೂ ಪರ್ಮಿಟ್, ಎಂಟ್ರಿ ಪಾಯಿಂಟ್, ಪೋರ್ಟೇಜ್ ಅಂತ ಬರೆದಿರುತ್ತಾರೆ. ತಲೆಬುಡ ತಿಳಿಯುತ್ತಿಲ್ಲ. ಗಡಿ ದಾಟಿದರೆ ಕೆನಡಾದ ಕ್ವೆಟಿಕೋ ಪಾರ್ಕ್ ಇನ್ನೂ ಚೆನ್ನಾಗಿದೆ ಅಂತ ಒಬ್ಬರು ಆಸೆ ಹುಟ್ಟಿಸಿದ್ದಾರೆ. ನಾವೆಲ್ಲ ಎಚ್-1ಬಿ ಕೆಲಸದ ವೀಸಾ ಮೇಲೆ ಇರುವವರು. ಹೋಗಿ ಬಂದವರು ಸ್ವಲ್ಪ ದಾರಿ ತೋರಿಸಿ.

ಉತ್ತರಮುಖಿ

ಡುಲೂತ್‌ನಲ್ಲಿ ಇದ್ದೇನೆ, ಆ ಕಡೆ ಓಡಾಟ ಜಾಸ್ತಿ. ನಿಮ್ಮ ಪ್ಲಾನಿನಲ್ಲಿ ಮೂರು ತೊಡಕು ಕಾಣುತ್ತಿವೆ: ಹನ್ನೊಂದು ಜನ, ಜುಲೈ ನಾಲ್ಕು, ಕ್ವೆಟಿಕೋ.

ಮೊದಲು ಜನ. ಬೌಂಡರಿ ವಾಟರ್ಸ್ ಒಳಗೆ ಒಂದು ಗುಂಪಿನಲ್ಲಿ ಒಂಬತ್ತು ಜನ, ನಾಲ್ಕು ದೋಣಿ, ಅಷ್ಟೇ. ರಾತ್ರಿ ತಂಗಿದರೂ ಅದೇ, ಬೆಳಗ್ಗೆ ಹೋಗಿ ಸಂಜೆ ಬಂದರೂ ಅದೇ. ಎರಡು ಪರ್ಮಿಟ್ ತೆಗೆದು ಒಳಗೆ ಹೋಗಿ ಸೇರಿಕೊಳ್ಳುತ್ತೇವೆ ಅನ್ನುವ ಉಪಾಯವೂ ನಡೆಯುವುದಿಲ್ಲ. ಒಟ್ಟಿಗೆ ದೋಣಿ ಹುಟ್ಟು ಹಾಕುವಂತಿಲ್ಲ, ಒಂದೇ ಜಾಗದಲ್ಲಿ ಊಟಕ್ಕೆ ಕೂರುವಂತಿಲ್ಲ. ಪೋರ್ಟೇಜ್, ಅಂದರೆ ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿ ಹೊತ್ತು ನಡೆಯುವ ದಾರಿ, ಅಲ್ಲೂ ಒಂಬತ್ತರ ಮೇಲೆ ಸೇರಬಾರದು.

ಇನ್ನು ಪರ್ಮಿಟ್. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಒಳಗೆ ರಾತ್ರಿ ಉಳಿಯಬೇಕಾದರೆ ಕೋಟಾ ಪರ್ಮಿಟ್ ಬೇಕು. ಒಂದೊಂದು ಎಂಟ್ರಿ ಪಾಯಿಂಟಿಗೆ, ಅಂದರೆ ಒಳಗೆ ಹೋಗುವ ಜಾಗಕ್ಕೆ, ದಿನಕ್ಕೆ ಇಂತಿಷ್ಟೇ ಗುಂಪು ಅಂತ ಲೆಕ್ಕ ಇದೆ. ಪರ್ಮಿಟ್‌ನಲ್ಲಿ ಬರೆದ ದಿನ, ಬರೆದ ಜಾಗದಿಂದಲೇ ಒಳಗೆ ಹೋಗಬೇಕು. ಒಳಗೆ ಹೋದ ಮೇಲೆ ಯಾವ ಕೆರೆಗೆ ಬೇಕಾದರೂ ಹೋಗಿ, ಯಾರೂ ಕೇಳುವುದಿಲ್ಲ. ಬುಕಿಂಗ್ ಜನವರಿ ಕೊನೆಗೇ ತೆರೆಯುತ್ತದೆ. ಈಗ ಮಾರ್ಚ್. ಜುಲೈ ನಾಲ್ಕರ ವಾರಕ್ಕೆ ಹೆಸರುವಾಸಿ ಜಾಗಗಳಲ್ಲಿ ಉಳಿದಿರೋದು ಕಷ್ಟ. ಆದರೆ ರದ್ದಾದವು ಮತ್ತೆ ಪಟ್ಟಿಗೆ ಬರುತ್ತವೆ, ನೋಡುತ್ತಾ ಇರಿ. ಕಾಯ್ದಿರಿಸಲು 6 ಡಾಲರ್, ದೊಡ್ಡವರಿಗೆ ತಲಾ 16, ಹದಿನೆಂಟರ ಒಳಗಿನವರಿಗೆ 8. ಇದು ಇಡೀ ಪ್ರವಾಸಕ್ಕೆ, ದಿನದ ಲೆಕ್ಕ ಅಲ್ಲ. ಆರು ದೊಡ್ಡವರು, ಮೂರು ಮಕ್ಕಳು ಅಂದರೆ 126 ಡಾಲರ್ ಆಯಿತು. ಹಗಲಲ್ಲಿ ಹುಟ್ಟು ಹಾಕಿಕೊಂಡು ಹೋಗಿ ಬರಲು ಮಾತ್ರ ದುಡ್ಡಿಲ್ಲ, ಕೋಟಾ ಇಲ್ಲ. ದಡದ ಡಬ್ಬಿಯಲ್ಲಿ ಫಾರಂ ಇರುತ್ತದೆ, ನೀವೇ ತುಂಬಿ ಒಂದು ಪ್ರತಿ ಇಟ್ಟುಕೊಂಡರೆ ಆಯಿತು.

ಕ್ವೆಟಿಕೋ ಕೈಬಿಡಿ. ನಮ್ಮ ಪಾಸ್‌ಪೋರ್ಟಿಗೆ ಕೆನಡಾ ವೀಸಾ ಬೇಕು. ಕಾಡಿನ ಮಧ್ಯೆ ಗಡಿ ದಾಟಲು ಕೊಡುತ್ತಿದ್ದ ವಿಶೇಷ ಅನುಮತಿ ಎರಡೂ ದೇಶಗಳ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ ಇದ್ದದ್ದು. ಮೇಲಾಗಿ ಈ ಕಡೆ ವಾಪಸ್ ಬರುವುದೂ ಅಮೆರಿಕಕ್ಕೆ ಹೊಸದಾಗಿ ಬಂದ ಲೆಕ್ಕ. ಎರಡು ದಿನದ ಮೋಜಿಗೆ ಅಷ್ಟು ತಲೆನೋವು ಯಾಕೆ? ಈ ಕಡೆಯಲ್ಲೇ ಹತ್ತು ಲಕ್ಷ ಎಕರೆಗಿಂತ ಜಾಸ್ತಿ ಕಾಡು, ಸಾವಿರಕ್ಕೂ ಮೀರಿ ಕೆರೆಗಳಿವೆ. ಗಡಿಗೆರೆ ಮಧ್ಯದಲ್ಲೇ ಹಾದು ಹೋಗುವ ಬಾಸ್‌ವುಡ್‌ನಂಥ ಕೆರೆಗೆ ಹೋದರೆ ಆಚೆ ದಡದಲ್ಲಿ ಇಳಿಯಬೇಡಿ.

ಸೊಳ್ಳೆಬತ್ತಿ

ಜುಲೈ ನಾಲ್ಕು ಅಂತ ಓದಿ ನಗು ಬಂತು. ಆ ವಾರ ಈಲಿಯಲ್ಲಿ ಜನ ಎಷ್ಟಿರುತ್ತಾರೋ ಅದಕ್ಕೆ ಕೋಟಿ ಪಟ್ಟು ಸೊಳ್ಳೆ ಇರುತ್ತವೆ.

ಲೆಕ್ಕ ಹೀಗಿದೆ. ಏಪ್ರಿಲ್ ಕೊನೆಗೋ ಮೇ ಮೊದಲಿಗೋ ಕೆರೆಯ ಹಿಮಗಡ್ಡೆ ಕರಗುತ್ತದೆ. ಮೇ ಮಧ್ಯದಿಂದ ಕಪ್ಪು ನೊಣ. ಅದು ಚುಚ್ಚುವುದಿಲ್ಲ, ಕಚ್ಚಿ ಕೀಳುತ್ತದೆ. ಕಿವಿ ಹಿಂದೆ, ಟೋಪಿ ಅಂಚಿನಲ್ಲಿ ರಕ್ತ ಬಂದಾಗಲೇ ಗೊತ್ತಾಗೋದು. ಅದು ಕಡಿಮೆಯಾಗುವ ಹೊತ್ತಿಗೆ ಸೊಳ್ಳೆ ಸುಗ್ಗಿ, ಜೂನ್‌ನಿಂದ ಜುಲೈ ಮಧ್ಯದವರೆಗೆ. ಆಗಸ್ಟ್ ನಡುವಿನಿಂದ ಪರವಾಗಿಲ್ಲ. ಸೆಪ್ಟೆಂಬರ್ ಸ್ವರ್ಗ, ಆದರೆ ಶಾಲೆ ಶುರುವಾಗಿರುತ್ತದೆ.

ಬೇರೆ ದಾರಿ ಇಲ್ಲ, ಜುಲೈಯಲ್ಲೇ ಹೋಗಬೇಕು ಅಂದರೆ ತಲೆಗೆ ಹಾಕುವ ಬಲೆ ಎಲ್ಲರಿಗೂ ಒಂದೊಂದು ತೆಗೆದುಕೊಳ್ಳಿ. ಬಣ್ಣ ತಿಳಿಯಾಗಿರಲಿ, ತೋಳು ಉದ್ದ ಇರಲಿ, ಪ್ಯಾಂಟ್ ತುದಿ ಕಾಲುಚೀಲದ ಒಳಗೆ ಹೋಗಲಿ. ಇದು ರಕ್ತ ಹೀರುವ ಉಣ್ಣಿಗೂ ಆಗುತ್ತದೆ. ಅಲ್ಲಿಯ ಉಣ್ಣಿ ಲೈಮ್ ಕಾಯಿಲೆ ಹರಡುತ್ತದೆ, ರಾತ್ರಿ ಮಲಗುವ ಮುಂಚೆ ಮಕ್ಕಳ ಮಂಡಿ ಹಿಂಭಾಗ, ಕಂಕುಳು, ಕೂದಲ ಬುಡ ನೋಡಿ.

ಟೆಂಟ್‌ಮೇಷ್ಟ್ರು

ತಿಂಗಳು ಬದಲಾಯಿಸಿ ಅನ್ನೋದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈಲಿ ನೋಡುವ ಊರಲ್ಲ, ಒಳಗೆ ಹೋಗುವ ಬಾಗಿಲು. 2020ರ ಜನಗಣತಿಯಲ್ಲಿ ಮೂರು ಸಾವಿರದ ಚಿಲ್ಲರೆ ಜನ. ಷೆರಿಡನ್ ಸ್ಟ್ರೀಟ್ ಅನ್ನುವ ಒಂದು ಮುಖ್ಯ ಬೀದಿ. ದೋಣಿ ಬಾಡಿಗೆ ಅಂಗಡಿ, ಮೊಕಾಸಿನ್ ಅನ್ನುವ ಮೆತ್ತನೆಯ ಚರ್ಮದ ಚಪ್ಪಲಿ ಅಂಗಡಿ, ಕಾಫಿ, ಐಸ್‌ಕ್ರೀಂ. ಅರ್ಧ ದಿನಕ್ಕೆ ಮುಗಿಯಿತು. ಇಷ್ಟಕ್ಕೆ ನಾಲ್ಕು ಗಂಟೆ ಕಾರು ಓಡಿಸಿ ಹೋದವರು "ಏನಿದೆ ಅಲ್ಲಿ" ಅಂತ ಮುಖ ಸಪ್ಪೆ ಮಾಡಿಕೊಂಡು ಬಂದದ್ದನ್ನು ಕಂಡಿದ್ದೇನೆ. ಒಂದು ರಾತ್ರಿಯಾದರೂ ಒಳಗೆ ಕಳೆಯದಿದ್ದರೆ ಹೋದದ್ದು ವ್ಯರ್ಥ.

1949ರಲ್ಲಿ ಅಧ್ಯಕ್ಷ ಟ್ರೂಮನ್ ಈ ಕಾಡಿನ ಮೇಲೆ ಸಮುದ್ರಮಟ್ಟದಿಂದ 4,000 ಅಡಿಗಿಂತ ಕೆಳಗೆ ವಿಮಾನ ಹಾರಬಾರದು ಅಂತ ಆದೇಶ ಹೊರಡಿಸಿದರು. ಆಗ ಮೀನು ಹಿಡಿಯುವವರನ್ನು ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಒಳಗಿನ ರೆಸಾರ್ಟ್‌ಗಳಿಗೆ ಕರೆದುಕೊಂಡು ಹೋಗುತ್ತಿದ್ದರು, ಅದನ್ನು ನಿಲ್ಲಿಸಲು. 1964ರ ಕಾನೂನು, ಆಮೇಲೆ 1978ರ ಕಾನೂನು ಬಂದು ಹೆಚ್ಚಿನ ಕೆರೆಗಳಿಂದ ಮೋಟಾರು ಹೋಯಿತು. ಅಲ್ಲಿಯ ಸದ್ದಿಲ್ಲದಿರುವಿಕೆ ತಾನಾಗಿ ಉಳಿದದ್ದಲ್ಲ, ಹಟ ಹಿಡಿದು ಉಳಿಸಿಕೊಂಡದ್ದು. ಆ ಹಟ ಈಲಿಯಲ್ಲಿ ಎಲ್ಲರಿಗೂ ಇಷ್ಟವಾಗಿರಲಿಲ್ಲ ಅನ್ನೋದು ಬೇರೆ ಕತೆ. ಹಗಲಿಗೆ ಬಂದು ಹೋಗುವವರಿಗೆ ಇದು ಗೊತ್ತಾಗುವುದಿಲ್ಲ. ಸಂಜೆ ಗಾಳಿ ನಿಂತ ಮೇಲೆ ಲೂನ್ ಅನ್ನುವ ನೀರುಹಕ್ಕಿ ಕೂಗುತ್ತದಲ್ಲ, ಮೊದಲ ಸಲ ಕೇಳಿದವರು ತೋಳ ಅಂದುಕೊಳ್ಳುತ್ತಾರೆ. ಅದನ್ನು ಕೇಳೋಕೆ ರಾತ್ರಿ ಅಲ್ಲಿರಬೇಕು.

ಉತ್ತರಮುಖಿ

ಮೇಷ್ಟ್ರೇ, ನಿಮ್ಮ ಮಾತು ಚೆಂದ. ಆದರೆ ಏಳು ವರ್ಷದ ಮಗು, ಹುಟ್ಟು ಹಿಡಿದು ಅಭ್ಯಾಸ ಇಲ್ಲದ ಆರು ಜನ. ಅವರಿಗೆ ಒಳಗೆ ಎರಡು ರಾತ್ರಿ ಅನ್ನೋದು ಜಾಸ್ತಿ ಆಗಲಿಲ್ವಾ? ಪಟ್ಟಣದ ಹತ್ತಿರ ಕೆರೆ ದಂಡೆಯಲ್ಲಿ ಕ್ಯಾಬಿನ್ ಹಿಡಿದು ದಿನಾ ಒಂದೊಂದು ಕಡೆ ಹೋಗಿ ಬರಲಿ. ಹಗಲು ಹೋದರೆ ವ್ಯರ್ಥ ಅನ್ನೋದನ್ನು ನಾನು ಒಪ್ಪುವುದಿಲ್ಲ.

ಹೆಗ್‌ಮನ್ ಕೆರೆಯನ್ನೇ ನೋಡಿ. ಎಕೋ ಟ್ರೇಲ್ ಅನ್ನುವ ರಸ್ತೆಯಲ್ಲಿ ಹೋಗಿ ಕಾರು ನಿಲ್ಲಿಸಿದರೆ 80 ರಾಡ್ ಪೋರ್ಟೇಜ್, ಅಂದರೆ ಕಾಲು ಮೈಲಿ. ಕೊನೆಗೆ ಸ್ವಲ್ಪ ಕಡಿದಾದ ಇಳಿಜಾರು. ಸೌತ್ ಹೆಗ್‌ಮನ್ ದಾಟಿ, ನಾಲ್ಕು ಹೆಜ್ಜೆಯ ಇನ್ನೊಂದು ಪೋರ್ಟೇಜ್ ದಾಟಿದರೆ ನಾರ್ತ್ ಹೆಗ್‌ಮನ್. ಅದರ ಉತ್ತರದ ತುದಿಯ ಬಂಡೆಯ ಮೇಲೆ ಕೆಂಪು ಚಿತ್ರಗಳಿವೆ. ಕೈ ಚಾಚಿ ನಿಂತ ಮನುಷ್ಯ, ದೊಡ್ಡ ಕಡವೆಯಂಥ ಮೂಸ್, ಉದ್ದ ಬಾಲದ ಒಂದು ಪ್ರಾಣಿ, ಮೇಲೆ ಸಣ್ಣ ಸಣ್ಣ ದೋಣಿಗಳು. ಇಲ್ಲಿಯ ಮೂಲನಿವಾಸಿಗಳ ಕಡೆಯ ಚಿತ್ರಗಳು. ಒಜಿಬ್ವೆ ಜನರಿಗೆ ಇವು ಇವತ್ತಿಗೂ ಪವಿತ್ರ. ದೋಣಿಯಲ್ಲೇ ಕೂತು ನೋಡಬೇಕು, ಮುಟ್ಟಬಾರದು, ನೀರು ಎರಚಿ ಬಣ್ಣ ಎದ್ದು ಕಾಣಿಸುವಂತೆ ಮಾಡಬಾರದು. ಬೆಳಗ್ಗೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ವಾಪಸ್. ಇದನ್ನು ವ್ಯರ್ಥ ಅನ್ನಲಾದೀತೇ?

ಟೆಂಟ್‌ಮೇಷ್ಟ್ರು

ಹೆಗ್‌ಮನ್ ಬಗ್ಗೆ ಎರಡು ಮಾತಿಲ್ಲ. ಉಳಿದದ್ದು ಬಿಡಲ್ಲ.

ಮಳೆಬಿಲ್ಲು

ಇಬ್ಬರಿಗೂ ಧನ್ಯವಾದ. ಅತ್ತೆ ಮಾವ ರಾತ್ರಿ ಕಾಡಿಗೆ ಬರಲ್ಲ ಅಂತ ಮೊದಲೇ ಹೇಳಿದ್ದಾರೆ. ಅವರನ್ನು ಬಿಟ್ಟರೆ ಸರಿಯಾಗಿ ಒಂಬತ್ತು ಜನ! ಎರಡು ಪ್ರಶ್ನೆ. ಈ ರಾಡ್ ಅಂದರೆ ಏನು? ದೋಣಿಯನ್ನು ನಿಜವಾಗಿ ತಲೆ ಮೇಲೆ ಹೊರಬೇಕಾ?

ಹುಟ್ಟುಗೋಲು

ರಾಡ್ ಅಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ದೋಣಿಯ ಉದ್ದ. 320 ರಾಡ್ ಸೇರಿದರೆ ಒಂದು ಮೈಲಿ. ನಕ್ಷೆಯಲ್ಲಿ ಎರಡು ಕೆರೆಯ ಮಧ್ಯೆ ಗೆರೆ ಎಳೆದು 30, 45, 140 ಅಂತ ಬರೆದಿರುತ್ತಾರೆ, ಅದೇ ಪೋರ್ಟೇಜ್. ಹೊಸಬರು 100ರ ಒಳಗಿನದ್ದನ್ನೇ ಆರಿಸಿಕೊಳ್ಳಿ.

ತಲೆ ಮೇಲಲ್ಲ, ಹೆಗಲ ಮೇಲೆ. ದೋಣಿಯ ನಟ್ಟನಡುವೆ ಅಡ್ಡಪಟ್ಟಿಗೆ ಎರಡು ಮೆತ್ತೆ ಹಾಕಿರುತ್ತಾರೆ, ಅದು ಕತ್ತಿನ ಎರಡೂ ಕಡೆ ಕೂರುತ್ತದೆ. ಎತ್ತುವಾಗ ಒಬ್ಬರು ಮುಂದಿನ ತುದಿ ಎತ್ತಿ ಹಿಡಿಯಲಿ, ಇನ್ನೊಬ್ಬರು ಕೆಳಗೆ ನುಗ್ಗಿ ಮೆತ್ತೆಗೆ ಹೆಗಲು ಕೊಡಲಿ. ಆಮೇಲೆ ಮುಂದಿನ ತುದಿ ಸ್ವಲ್ಪ ಮೇಲೆ ಇಟ್ಟುಕೊಂಡು ನಡೆಯೋದು. ಕಾಣುವುದು ನಿಮ್ಮ ಪಾದ, ಮುಂದಿನ ನಾಲ್ಕು ಮಾರು ದಾರಿ, ಬೇರು, ಕೆಸರು. ದೋಣಿಯೊಳಗೆ ನಿಮ್ಮ ಉಸಿರೇ ನಿಮಗೆ ದೊಡ್ಡದಾಗಿ ಕೇಳಿಸುತ್ತದೆ. ಎರಡೂ ಕೈ ಮೇಲಿರುವುದರಿಂದ ಮೂಗಿನ ಮೇಲೆ ಕೂತ ಸೊಳ್ಳೆಯನ್ನು ಓಡಿಸುವ ಹಾಗಿಲ್ಲ. ಊದಿ ಓಡಿಸಬೇಕು, ಅದು ಹೋಗಲ್ಲ.

ಕೆವ್ಲಾರ್ ಅನ್ನುವ ಹಗುರ ನಾರಿನ ದೋಣಿ ಕೇಳಿ. ಬಾಡಿಗೆ ಜಾಸ್ತಿ, ಆದರೆ ತೂಕ ನಲವತ್ತು ಚಿಲ್ಲರೆ ಪೌಂಡ್. ಅಲ್ಯುಮಿನಿಯಂನದ್ದು ಎಪ್ಪತ್ತರ ಹತ್ತಿರ. ಮೂರು ಜನ ಕೂರುವಂಥ ಮೂರು ದೋಣಿ ಸಾಕು, ಒಂದೊಂದರಲ್ಲಿ ಅಪ್ಪ ಅಮ್ಮ ಆಚೆ ಈಚೆ, ಮಗು ಮಧ್ಯೆ. ಕೆವ್ಲಾರ್‌ಗೆ ಕಲ್ಲು ಆಗಿಬರಲ್ಲ. ದಡಕ್ಕೆ ತಾಗುವ ಮುಂಚೆ ಮೊಣಕಾಲುದ್ದ ನೀರಿನಲ್ಲೇ ಇಳಿಯಬೇಕು, ದೋಣಿಯನ್ನು ಎಳೆಯಬಾರದು. ಅಂದರೆ ಕಾಲು ಇಡೀ ದಿನ ಒದ್ದೆ. ಅದಕ್ಕೆ ತಕ್ಕ ಬೂಟು ಬೇರೆ, ರಾತ್ರಿಗೆ ಒಣಗಿದ ಚಪ್ಪಲಿ ಬೇರೆ.

ಸೊಳ್ಳೆಬತ್ತಿ

"ಊದಿ ಓಡಿಸಬೇಕು, ಅದು ಹೋಗಲ್ಲ." ಇದನ್ನು ಈಲಿ ಪಟ್ಟಣದ ಬೋರ್ಡಿನ ಮೇಲೆ ಬರೆಸಬೇಕು.

ಗೋಧೂಳಿ

ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ಶೌಚಾಲಯ. ಬೌಂಡರಿ ವಾಟರ್ಸ್‌ನಲ್ಲಿ ಎಲ್ಲೆಂದರಲ್ಲಿ ಟೆಂಟ್ ಹಾಕುವಂತಿಲ್ಲ, ಗೊತ್ತುಮಾಡಿದ ಜಾಗದಲ್ಲೇ ಹಾಕಬೇಕು. ಅಂಥ ಜಾಗಗಳು ಎರಡು ಸಾವಿರದ ಆಸುಪಾಸು ಇವೆ. ಪ್ರತಿಯೊಂದರಲ್ಲೂ ಬೆಂಕಿ ಹಾಕಲು ಒಂದು ಕಬ್ಬಿಣದ ಜಾಲರಿ, ಹಿಂದೆ ಕಾಡಿನೊಳಗೆ ಒಂದು ಕೂರುವ ಡಬ್ಬಿ. ಡಬ್ಬಿ ಅಂದರೆ ಡಬ್ಬಿಯೇ. ಗೋಡೆ ಇಲ್ಲ, ಬಾಗಿಲಿಲ್ಲ, ಸೂರಿಲ್ಲ. ಕಾಡು ದಟ್ಟ ಇರುವುದರಿಂದ ಯಾರಿಗೂ ಕಾಣಿಸುವುದಿಲ್ಲ. ಹೋಗುವಾಗ ದಾರಿಯ ಗಿಡಕ್ಕೆ ಒಂದು ಬಣ್ಣದ ಬಟ್ಟೆ ಕಟ್ಟಿ ಹೋಗಿ, ಆಗ "ಯಾರೋ ಇದ್ದಾರೆ" ಅಂತ ಉಳಿದವರಿಗೆ ತಿಳಿಯುತ್ತದೆ. ಅದರೊಳಗೆ ಕಸ ಹಾಕಬಾರದು. ಮುಟ್ಟಿನ ಪ್ಯಾಡ್, ಮಕ್ಕಳ ಒದ್ದೆ ಒರೆಸುವ ಹಾಳೆ ಎಲ್ಲ ಮುಚ್ಚಿದ ಚೀಲದಲ್ಲಿ ವಾಪಸ್ ತರಬೇಕು. ಸೋಪು ಹಾಕಿ ಪಾತ್ರೆ, ಮೈ ತೊಳೆಯುವುದಿದ್ದರೆ ಕೆರೆಯಿಂದ 150 ಅಡಿ ದೂರ.

ಆ ಜಾಗಗಳನ್ನು ಮೊದಲೇ ಕಾಯ್ದಿರಿಸಲು ಆಗಲ್ಲ. ಮೊದಲು ಬಂದವರಿಗೆ ಮೊದಲು. ಅದಕ್ಕೆ ಮಕ್ಕಳಿದ್ದರೆ ಮಧ್ಯಾಹ್ನ ಒಂದೆರಡು ಗಂಟೆಯೊಳಗೆ ಒಂದು ಜಾಗ ಹಿಡಿದುಬಿಡಿ. ಇನ್ನೂ ಚೆನ್ನಾಗಿರೋದು ಮುಂದೆ ಸಿಗಬಹುದು ಅಂತ ಹೋದವರು ಸಂಜೆ ಏಳಕ್ಕೆ ಅಳುವ ಮಗು ಇಟ್ಟುಕೊಂಡು ಕೆರೆ ಸುತ್ತುತ್ತಿರುತ್ತಾರೆ.

ಊಟದ ವಿಷಯ. ಡಬ್ಬಿಯ ಪಾನೀಯ, ಗಾಜಿನ ಬಾಟಲಿ ಒಳಗೆ ಒಯ್ಯುವಂತಿಲ್ಲ, ಕಾನೂನೇ ಇದೆ. ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಳ್ಳಿ. ಅವಲಕ್ಕಿ, ರವೆ, ಹುರಿದಿಟ್ಟ ಒಗ್ಗರಣೆ, ಬೇಗ ಬೇಯುವ ಬೇಳೆ. ಹಗುರ, ಕೆಡಲ್ಲ, ನೀರು ಕಾಯಿಸಿದರೆ ಊಟ. ಕೆರೆ ನೀರು ತಿಳಿಯಾಗಿ ಕಂಡರೂ ಕುದಿಸಿ ಅಥವಾ ಫಿಲ್ಟರ್ ಮಾಡಿ, ಜಿಯಾರ್ಡಿಯಾ ಅನ್ನುವ ಹೊಟ್ಟೆಕ್ರಿಮಿ ಇರುತ್ತದೆ.

ಮಳೆಬಿಲ್ಲು

ಗೋಧೂಳಿ ಅಕ್ಕ, ಇದನ್ನೇ ಕೇಳೋಕೆ ಹಿಂಜರಿಯುತ್ತಿದ್ದೆ. ತುಂಬಾ ಉಪಕಾರ. ಕರಡಿ?

ಗೋಧೂಳಿ

ಇವೆ, ಕಪ್ಪು ಕರಡಿ. ಅವಕ್ಕೆ ನಿಮ್ಮ ಮೇಲಲ್ಲ, ನಿಮ್ಮ ಚೀಲದ ಮೇಲೆ ಕಣ್ಣು. ಬೌಂಡರಿ ವಾಟರ್ಸ್ ನೋಡಿಕೊಳ್ಳುವ ಸುಪೀರಿಯರ್ ರಾಷ್ಟ್ರೀಯ ಅರಣ್ಯದವರು ಈಗ ನಿಯಮ ಮಾಡಿದ್ದಾರೆ. ಊಟ, ಕಸ, ಟೂತ್‌ಪೇಸ್ಟ್ ತರಹದ ವಾಸನೆಯ ವಸ್ತು ಎಲ್ಲ ಕರಡಿಗೆ ತೆರೆಯಲಾಗದ ಡಬ್ಬದಲ್ಲಿರಬೇಕು, ಇಲ್ಲವೇ ನೆಲದಿಂದ 12 ಅಡಿ ಮೇಲೆ, ಮರದ ಕಾಂಡದಿಂದ 6 ಅಡಿ ಆಚೆ ನೇತುಹಾಕಬೇಕು. ಸಾಮಾನ್ಯವಾಗಿ ಬಳಸುವ ನೀಲಿ ಪ್ಲಾಸ್ಟಿಕ್ ಪೀಪಾಯಿ ಮಾತ್ರ ಸಾಲದು. ನೇತುಹಾಕೋದು ಹೇಳಿದಷ್ಟು ಸುಲಭ ಅಲ್ಲ. ಅಂಥ ಕೊಂಬೆ ಸಿಗಬೇಕು, ಹಗ್ಗ ಎಸೆಯಬೇಕು, ಕತ್ತಲಾಗುವ ಮುಂಚೆ ಆಗಬೇಕು. ಸುಮ್ನೆ ಡಬ್ಬವನ್ನೇ ಬಾಡಿಗೆಗೆ ತೆಗೆದುಕೊಳ್ಳಿ. ಜುಲೈ ಕೊನೆ, ಆಗಸ್ಟ್ ಮೊದಲಲ್ಲಿ ಕಾಡು ಬ್ಲೂಬೆರಿ ಹಣ್ಣಾಗುತ್ತದೆ. ಮಕ್ಕಳಿಗೆ ಖುಷಿ. ಕರಡಿಗಳಿಗೂ ಅದೇ ಹಣ್ಣು ಬೇಕು, ಪೊದೆ ಹತ್ತಿರ ಮಾತಾಡುತ್ತಾ ಹೋಗಿ.

ಹುಟ್ಟುಗೋಲು

ನಿಜವಾಗಿ ಭಯಪಡಬೇಕಾದ್ದು ಕರಡಿಗಲ್ಲ, ನೀರಿಗೆ. ತಣ್ಣನೆಯ ನೀರಿಗೆ, ಮಧ್ಯಾಹ್ನದ ಗಾಳಿಗೆ. ಮೇ ತಿಂಗಳಲ್ಲಿ ಬಿಸಿಲು ಚೆನ್ನಾಗಿರುತ್ತದೆ, ನೀರು ಮಾತ್ರ ಆಗಷ್ಟೇ ಕರಗಿದ ಹಿಮದ್ದು. ಬಿದ್ದರೆ ಕೈಕಾಲು ಬೇಗ ಸ್ವಾಧೀನ ತಪ್ಪುತ್ತದೆ, ಈಜು ಬಂದರೂ ಅಷ್ಟೇ. 2024ರ ಮೇ ತಿಂಗಳಲ್ಲಿ ಗಡಿಯ ಕರ್ಟನ್ ಫಾಲ್ಸ್‌ನಲ್ಲಿ ಎರಡು ದೋಣಿ ಜಲಪಾತಕ್ಕೆ ಸಿಕ್ಕಿ ಇಬ್ಬರು ತೀರಿಕೊಂಡರು. ಜಲಪಾತದ ಮೇಲ್ಭಾಗದಲ್ಲಿ ನೀರು ಶಾಂತವಾಗಿಯೇ ಕಾಣುತ್ತದೆ. ನಕ್ಷೆಯಲ್ಲಿ ಪೋರ್ಟೇಜ್ ಇರುವ ಜಾಗ ಬಂದಾಗ ಇಳಿದುಬಿಡಬೇಕು, ಇನ್ನು ಸ್ವಲ್ಪ ಮುಂದೆ ಅನ್ನಬಾರದು. ಒಳಗೆ ಬೋರ್ಡ್ ಇರುವುದಿಲ್ಲ, ನಕ್ಷೆಯೇ ಗತಿ.

ನಕ್ಷೆ ಅಂದೆ. ಫೋನ್ ಸಿಗ್ನಲ್ ಒಳಗೆ ನಂಬಬೇಡಿ. ಒದ್ದೆಯಾದರೂ ಹರಿಯದ ಕಾಗದದ ನಕ್ಷೆ ಪಟ್ಟಣದಲ್ಲೇ ಸಿಗುತ್ತದೆ. ಪ್ರತಿ ದೋಣಿಗೆ ಒಂದೊಂದು ಇರಲಿ, ಮುಂದೆ ಕೂತವರ ಕಾಲ ಬಳಿ ಬಿಚ್ಚಿಟ್ಟಿರಲಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನ ಬಾಡಿಗೆಗೆ ಸಿಗುತ್ತದೆ, ಮಕ್ಕಳಿರುವಾಗ ಜಿಪುಣತನ ಬೇಡ. ಹುಟ್ಟು ಹಾಕೋದು ಬೆಳಗ್ಗೆ, ದಡದ ಹತ್ತಿರ. ಅಲೆ ತಲೆ ಬೆಳ್ಳಗಾಗೋಕೆ ಶುರುವಾಯಿತು ಅಂದರೆ ದಡಕ್ಕೆ ಬಂದು ಚಹಾ ಮಾಡಿಕೊಂಡು ಕೂತುಬಿಡಿ.

ಬೆಂಕಿಯನ್ನೂ ಗಮನಿಸಿ. 2011ರಲ್ಲಿ ಸಿಡಿಲಿಗೆ ಹೊತ್ತಿಕೊಂಡ ಪಗಾಮಿ ಕ್ರೀಕ್ ಬೆಂಕಿ 90,000 ಎಕರೆಗೂ ಜಾಸ್ತಿ ಸುಟ್ಟಿತು. 2021ರ ಆಗಸ್ಟ್‌ನಲ್ಲಿ ಬೆಂಕಿಯ ಕಾರಣ ಇಡೀ ಬೌಂಡರಿ ವಾಟರ್ಸ್ ಮುಚ್ಚಿದ್ದರು. ಒಣ ಬೇಸಿಗೆಯಲ್ಲಿ ಸೌದೆ ಹಚ್ಚಲು ನಿಷೇಧ ಬರುತ್ತದೆ, ಗ್ಯಾಸ್ ಒಲೆ ಕೈಯಲ್ಲಿರಲಿ.

ಕಬ್ಬಿಣದದಾರಿ

ಅತ್ತೆ ಮಾವನ ಬಗ್ಗೆ ಯಾರಾದರೂ ಬರೆಯುತ್ತಾರಾ ಅಂತ ಕಾದೆ. ನಮ್ಮ ಅಪ್ಪ ಅಮ್ಮ ಬಂದಿದ್ದಾಗ ಅವರ ಜೊತೆ ಪಟ್ಟಣದಲ್ಲೇ ಉಳಿದಿದ್ದೆ. ಮೇಷ್ಟ್ರು ಅರ್ಧ ದಿನ ಅಂದರು. ನನಗೆ ಅದು ಸಾಲಲಿಲ್ಲ.

ಇಂಟರ್‌ನ್ಯಾಷನಲ್ ವುಲ್ಫ್ ಸೆಂಟರ್ 1993ರಲ್ಲಿ ಈಲಿಯಲ್ಲಿ ತೆರೆಯಿತು. ದೊಡ್ಡ ಗಾಜಿನ ಆಚೆ ತೋಳಗಳಿರುತ್ತವೆ, ಕುರ್ಚಿಯಲ್ಲಿ ಕೂತೇ ನೋಡಬಹುದು. ಮಧ್ಯಾಹ್ನ ಹೆಚ್ಚಾಗಿ ನಿದ್ದೆ ಮಾಡುತ್ತಿರುತ್ತವೆ, ಬೆಳಗ್ಗೆ ಹೋಗಿ. ಪಟ್ಟಣದ ಇನ್ನೊಂದು ಬದಿಯಲ್ಲಿ ಕರಡಿ ಕೇಂದ್ರ. ಅಪ್ಪನಿಗೆ ಜಾಸ್ತಿ ಹಿಡಿಸಿದ್ದು ಡೊರೊಥಿ ಮೋಲ್ಟರ್ ಮ್ಯೂಸಿಯಂ. ಆ ಹೆಂಗಸು ನೈಫ್ ಲೇಕ್‌ನ ದ್ವೀಪದಲ್ಲಿ ದಶಕಗಟ್ಟಲೆ ಒಬ್ಬರೇ ಇದ್ದರು. ಮನೆಯಲ್ಲೇ ರೂಟ್ ಬಿಯರ್ ಅನ್ನುವ ಸಿಹಿ ಪಾನೀಯ ಮಾಡಿ ದೋಣಿಯವರಿಗೆ ಕೊಡುತ್ತಿದ್ದರು. ಕಾನೂನು ಬಂದು ಉಳಿದವರಲ್ಲಿ ಹೆಚ್ಚಿನವರು ಖಾಲಿ ಮಾಡಿದರೂ ಅವರಿಗೆ ಕೊನೆಯವರೆಗೆ ಇರಲು ಬಿಟ್ಟರು. 1986ರಲ್ಲಿ ತೀರಿಕೊಂಡ ಮೇಲೆ ಅವರ ಮರದ ಮನೆಗಳನ್ನು ಊರವರೇ ಬಿಚ್ಚಿ, ಹೆಪ್ಪುಗಟ್ಟಿದ ಕೆರೆಗಳ ಮೇಲೆ ಎಳೆದು ತಂದು ಈಲಿಯಲ್ಲಿ ಮತ್ತೆ ಕಟ್ಟಿದರು. ಎಪ್ಪತ್ತು ದಾಟಿದ ನಮ್ಮಪ್ಪ ಅಲ್ಲಿ ಒಂದು ಕುರ್ಚಿ ಮುಂದೆ ನಿಂತು "ಒಬ್ಬಳೇ? ಚಳಿಗಾಲದಲ್ಲೂ?" ಅಂತ ಮೂರು ಸಲ ಕೇಳಿದರು.

ಇದು ಮೊದಲು ಗಣಿಯೂರು. ಕಬ್ಬಿಣದ ಅದಿರು. ಪಯೋನೀರ್ ಗಣಿ 1967ರಲ್ಲಿ ಮುಚ್ಚಿತು. ಹಳೆಯ ಗಣಿಗಳು ಕುಸಿದ ಜಾಗದಲ್ಲಿ ನೀರು ತುಂಬಿ ಮೈನರ್ಸ್ ಲೇಕ್ ಆಗಿದೆ, ಸುತ್ತಲೂ ಡಾಂಬರು ಹಾಕಿದ ಕಾಲುದಾರಿ ಇದೆ, ವಯಸ್ಸಾದವರಿಗೂ ನಡೆಯಲು ಆಗುತ್ತದೆ. ಕವಿಶಿವಿ ಜಲಪಾತಕ್ಕೂ ಫರ್ನ್‌ಬರ್ಗ್ ರಸ್ತೆಯಿಂದ ಸ್ವಲ್ಪವೇ ನಡೆದರೆ ಸಾಕು. ಷಗಾವಾ ಕೆರೆ ಪಟ್ಟಣಕ್ಕೆ ಅಂಟಿಕೊಂಡೇ ಇದೆ, ಬೌಂಡರಿ ವಾಟರ್ಸ್‌ನ ಹೊರಗೆ. ಅಲ್ಲಿ ಒಂಬತ್ತರ ಲೆಕ್ಕ ಇಲ್ಲ. ಚಪ್ಪಟೆ ಮೋಟಾರು ದೋಣಿ ಬಾಡಿಗೆಗೆ ಹಿಡಿದರೆ ಮನೆಮಂದಿ ಎಲ್ಲ ಒಟ್ಟಿಗೆ ಕೂರಬಹುದು. ಅತ್ತೆ ಮಾವನ ಜೊತೆ ಒಂದು ಸಂಜೆ ಅದನ್ನು ಮಾಡಿ.

ಇನ್ನೊಂದು, ತಾಮ್ರ ನಿಕ್ಕಲ್ ಗಣಿ ಬೇಕೋ ಬೇಡವೋ ಅನ್ನುವ ಜಗಳ ಆ ಊರಲ್ಲಿ ವರ್ಷಗಳಿಂದ ಇದೆ. ಅಂಗಳದಲ್ಲಿ ಎರಡೂ ಕಡೆಯ ಬೋರ್ಡ್ ಕಾಣುತ್ತವೆ. ಅಂಗಡಿಯಲ್ಲಿ ಆ ಮಾತು ತೆಗೆದರೆ ದೋಣಿ ಬಾಡಿಗೆ ಕೇಳಲು ಹೋದವರು ಒಂದು ಗಂಟೆ ಅಲ್ಲೇ ಇರುತ್ತೀರಿ.

ಸೊಳ್ಳೆಬತ್ತಿ

ಚಳಿಗಾಲ ಅಂದಿರಲ್ಲ, ಈಲಿಯಿಂದ ಸ್ವಲ್ಪ ದೂರದ ಟವರ್ ಅನ್ನುವ ಊರಲ್ಲಿ 1996ರ ಫೆಬ್ರವರಿ 2ರಂದು ಮೈನಸ್ 60 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಮಿನೆಸೋಟಾದ ದಾಖಲೆ. ಅವತ್ತು ಸೊಳ್ಳೆ ಇರಲಿಲ್ಲ.

ಉತ್ತರಮುಖಿ

ಹಾಗಂತ ಚಳಿಗಾಲವನ್ನು ತಳ್ಳಿಹಾಕಬೇಡಿ. ನಾಯಿ ಎಳೆಯುವ ಗಾಡಿಗೆ ಈಲಿ ಹೆಸರುವಾಸಿ. 1986ರಲ್ಲಿ ನಾಯಿಗಳ ಜೊತೆ ಉತ್ತರ ಧ್ರುವ ಮುಟ್ಟಿದ ತಂಡದ ಮುಂದಾಳುಗಳು ಇದೇ ಊರಿನ ಕಡೆಯವರು. ಅದಕ್ಕೆ ಬೇರೆಯೇ ಚರ್ಚೆ ಬೇಕು, ಇಲ್ಲಿ ಬೇಡ.

ಆಗಸ್ಟ್ ಕೊನೆಗೆ ಹೋದರೆ ಇನ್ನೊಂದು ಲಾಭ ಇದೆ. ಜೂನ್, ಜುಲೈಯಲ್ಲಿ ಹತ್ತು ಗಂಟೆಯಾದರೂ ಪೂರ್ತಿ ಕತ್ತಲಾಗಲ್ಲ. ಆಗಸ್ಟ್ ಕೊನೆಗೆ ಮಕ್ಕಳು ಮಲಗುವ ಮುಂಚೆಯೇ ಆಕಾಶಗಂಗೆ ಕಾಣುತ್ತದೆ. 2020ರಲ್ಲಿ ಬೌಂಡರಿ ವಾಟರ್ಸ್‌ಗೆ ಕತ್ತಲ ಆಕಾಶದ ಅಭಯಧಾಮ ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅದೃಷ್ಟ ಇದ್ದರೆ ಆಕಾಶದಲ್ಲಿ ಆಡುವ ಉತ್ತರದ ಬೆಳಕೂ (ಅರೋರಾ) ಕಾಣಬಹುದು, ಆದರೆ ಅದನ್ನು ಮಕ್ಕಳಿಗೆ ಮೊದಲೇ ಹೇಳಿ ಆಸೆ ಹುಟ್ಟಿಸಬೇಡಿ.

ಮೇಷ್ಟ್ರ ಮಾತಿಗೂ ಸ್ವಲ್ಪ ಬಗ್ಗುತ್ತೇನೆ. ಎರಡರ ಬದಲು ಒಂದು ರಾತ್ರಿ ಒಳಗೆ ಇರಲಿ. ಲೇಕ್ ಒನ್‌ನಿಂದ ಹೋಗಿ. ಫರ್ನ್‌ಬರ್ಗ್ ರಸ್ತೆಯ ಕೊನೆಯಲ್ಲಿದೆ, ಈಲಿಯಿಂದ ಸುಮಾರು 20 ಮೈಲಿ. ಮೊದಲ ದಿನ ಪೋರ್ಟೇಜ್ ಮಾಡದೆ ಲೇಕ್ ಒನ್‌ನಲ್ಲೇ ಟೆಂಟ್ ಹಾಕಬಹುದು. ಹುಮ್ಮಸ್ಸಿದ್ದರೆ ಎರಡು ಚಿಕ್ಕ ಪೋರ್ಟೇಜ್ ದಾಟಿ ಲೇಕ್ ಟೂ. ಸಾಕಾಯಿತು ಅನ್ನಿಸಿದರೆ ಹಿಂದಿರುಗಿ ಕಾರಿಗೆ ಬರಲು ಅರ್ಧ ದಿನವೂ ಬೇಡ.

ಹುಟ್ಟುಗೋಲು

ಲೇಕ್ ಒನ್ ಒಳ್ಳೆಯದೇ. ಆದರೆ ಕೊಲ್ಲಿಗಳು ಜಾಸ್ತಿ, ದ್ವೀಪಗಳೆಲ್ಲ ಒಂದೇ ಥರ. ಹೊರಟ ಹತ್ತು ನಿಮಿಷಕ್ಕೇ ದಾರಿ ತಪ್ಪುವ ಕೆರೆ ಅದು. ಮುಂದಿನ ದೋಣಿಯನ್ನು ನಂಬಿ ಹಿಂಬಾಲಿಸಬೇಡಿ, ಅವರೂ ನಿಮ್ಮಂತೆ ಹುಡುಕುತ್ತಿರಬಹುದು. ದಿಕ್ಸೂಚಿ ನೋಡಿ, ದಾಟಿದ ದ್ವೀಪವನ್ನು ನಕ್ಷೆಯಲ್ಲಿ ಬೆರಳಿಟ್ಟು ಗುರುತಿಸುತ್ತಾ ಹೋಗಿ. ಹನ್ನೆರಡು ವರ್ಷದವರಿಗೆ ಆ ಕೆಲಸ ಕೊಡಿ, ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

ಟೆಂಟ್‌ಮೇಷ್ಟ್ರು

ಒಂದು ರಾತ್ರಿ ಲೇಕ್ ಒನ್. ಸರಿ, ರಾಜಿ.

ಮಳೆಬಿಲ್ಲು

ಮೂರೂ ಮನೆಯವರನ್ನು ಕೂರಿಸಿಕೊಂಡು ಇದನ್ನೆಲ್ಲ ಓದಿ ಹೇಳಿದೆ. ಆಗಸ್ಟ್ ಕೊನೆಗೆ ಹಾಕಿಕೊಂಡಿದ್ದೇವೆ. ವಾರಾಂತ್ಯಕ್ಕೆ ಲೇಕ್ ಒನ್ ಸಿಗಲಿಲ್ಲ, ಬುಧವಾರಕ್ಕೆ ಸಿಕ್ಕಿತು. ಪಟ್ಟಣದ ಹತ್ತಿರ ಕೆರೆ ಪಕ್ಕ ಒಂದು ಕ್ಯಾಬಿನ್ ನೋಡಿದ್ದೇವೆ. ಅತ್ತೆ ಮಾವನ ಜೊತೆ ಆ ರಾತ್ರಿ ನಾನು ಉಳಿಯುತ್ತೇನೆ, ಉಳಿದ ಎಂಟು ಜನ ಒಳಗೆ ಹೋಗುತ್ತಾರೆ. ಐದು ದೊಡ್ಡವರು, ಮೂರು ಮಕ್ಕಳು, 110 ಡಾಲರ್ ಆಗುತ್ತದೆ. ಮೇಷ್ಟ್ರು ಬೈಯಬೇಡಿ, ಹೆಗ್‌ಮನ್‌ಗೆ ಮಾತ್ರ ನಾನೂ ಹೋಗುತ್ತೇನೆ.

ದುಡ್ಡು ಕಟ್ಟುವ ಪುಟದಲ್ಲಿ ಗುಂಪಿನ ನಾಯಕರು ಅಂತ ಕೇಳುತ್ತಿದೆ. ನನ್ನ ಹೆಸರೇ ಹಾಕಲಾ?

ಉತ್ತರಮುಖಿ

ಬೇಡ, ನಿಲ್ಲಿ! ನಾಯಕರು ಒಳಗೆ ಹೋಗುವವರೇ ಆಗಿರಬೇಕು. ಯಜಮಾನರ ಹೆಸರು ಹಾಕಿ, ಬದಲಿ ನಾಯಕರ ಜಾಗದಲ್ಲಿ ಒಳಗೆ ಹೋಗುವವರಲ್ಲೇ ಇನ್ನಿಬ್ಬರು ದೊಡ್ಡವರ ಹೆಸರನ್ನೂ ಈಗಲೇ ತುಂಬಿ. ಪರ್ಮಿಟ್ ಪಡೆಯಲು ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕು, ಹೆಸರಿಲ್ಲದವರಿಗೆ ಕೊಡುವುದಿಲ್ಲ. ಈಲಿಯ ಕವಿಶಿವಿ ರೇಂಜರ್ ಕಚೇರಿಯಲ್ಲಿ ಹಿಂದಿನ ದಿನವೇ ತೆಗೆದುಕೊಳ್ಳಬಹುದು. ಕಾಡಿನಲ್ಲಿ ಹೇಗಿರಬೇಕು ಅಂತ ಒಂದು ವಿಡಿಯೋ ತೋರಿಸಿ ನಾಲ್ಕು ಪ್ರಶ್ನೆ ಕೇಳುತ್ತಾರೆ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಉತ್ತರ ಅವರೇ ಹೇಳಲಿ.

ಹೋಗುವಾಗ ಕ್ಲೋಕೆ ಊರಲ್ಲಿ 33ನೇ ಹೆದ್ದಾರಿಗೆ ತಿರುಗಿ, ಆಮೇಲೆ 53ರಲ್ಲಿ ವರ್ಜೀನಿಯಾ ಅನ್ನುವ ಊರು, ಅಲ್ಲಿಂದ 169. ಮಿನಿಯಾಪೊಲಿಸ್‌ನಿಂದ ಇದೇ ನೇರ. ಮುಸ್ಸಂಜೆ ಮೇಲೆ ವರ್ಜೀನಿಯಾ ದಾಟಿದರೆ ವೇಗ ಇಳಿಸಿ, ಜಿಂಕೆ ಅಡ್ಡ ಬರುತ್ತವೆ, ಮೂಸ್ ಕೂಡ. ಪೆಟ್ರೋಲ್ ಈಲಿಯಲ್ಲೇ ತುಂಬಿಸಿ, ಫರ್ನ್‌ಬರ್ಗ್ ರಸ್ತೆಯ ತುದಿಯಲ್ಲಿ ಬಂಕ್ ನಂಬಬೇಡಿ.

ಮಳೆಬಿಲ್ಲು

ಬದಲಾಯಿಸಿದೆ, ದುಡ್ಡೂ ಕಟ್ಟಿದೆ. ಕೊನೆಯ ಪ್ರಶ್ನೆ, ಲೈಫ್ ಜಾಕೆಟ್ ನಮ್ಮದೇ ತರಬೇಕಾ? ಹನ್ನೆರಡು ವರ್ಷದವನು ಹಾಕಲ್ಲ ಅಂತ ಈಗಲೇ ತಕರಾರು ತೆಗೆದಿದ್ದಾನೆ.

ಹುಟ್ಟುಗೋಲು

ದೋಣಿ ಬಾಡಿಗೆ ಜೊತೆ ಕೊಡುತ್ತಾರೆ. ಮಿನೆಸೋಟಾ ಕಾನೂನಿನಲ್ಲಿ ಹತ್ತು ವರ್ಷದ ಒಳಗಿನವರು ದೋಣಿ ಸಾಗುವಾಗ ಹಾಕಿಕೊಂಡಿರಲೇಬೇಕು, ಉಳಿದವರಿಗೆ ತಲಾ ಒಂದು ಕೈಗೆಟಕುವಂತೆ ಇರಬೇಕು. ಅದು ಕಾನೂನು. ನಿಮ್ಮ ಗುಂಪಿನಲ್ಲಿ ಎಂಟೂ ಜನ ಹಾಕಿಕೊಳ್ಳಲಿ. ಅಪ್ಪಂದಿರು ಬಿಚ್ಚಿ ಕೂತರೆ ಅವನು ಯಾಕೆ ಹಾಕುತ್ತಾನೆ? ಮಕ್ಕಳದ್ದು ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಮೂವರ ತೂಕವನ್ನೂ ಬಾಡಿಗೆ ಅಂಗಡಿಗೆ ಮೊದಲೇ ಬರೆದು ಕಳಿಸಿ. ಅಲ್ಲಿ ಹಾಕಿ ನೋಡುವಾಗ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ. ಗಲ್ಲ ದಾಟಿ ಕಿವಿಯವರೆಗೆ ಬಂದರೆ ದೊಡ್ಡದಾಯಿತು, ಇನ್ನೊಂದು ಕೇಳಿ.